ಬಿಎಸ್ಸಿ ಆದ್ಮೇಲೆ ನೇರ ಬಿಇ? – ನಮ್ಮನೆ ಗ್ರೂಪು

ಸುಮಾ ಅತ್ತೆ: (ಹಲವು ಬಾರಿ ಫಾರ್ವರ್ಡ್ ಆಗಿದೆ) "ಬಿಎಸ್ಸಿ ಆದವರಿಗೆ ಸಿಹಿಸುದ್ದಿ! ಯಾವ ಷರತ್ತೂ ಇಲ್ಲದೆ ಬಿಇ ಎರಡನೇ ವರ್ಷಕ್ಕೆ ಸೀಟು. ಕಾಲೇಜಿಗೆ ಹೋಗದೆ ಬರೆಯುವ ಇಂಜಿನಿಯರಿಂಗ್ ಪರೀಕ್ಷೆ ಎಎಂಐಇ ಮಾಡಿದರೂ ಬಿಇಗೆ ಸಮ. ಎಲ್ಲರಿಗೂ ಕಳಿಸಿ."
ಅನು, ನೋಡೇ. ಫಿಸಿಕ್ಸ್ ಯಾಕೆ ತಗೊಂಡಳೋ ಅಂತ ನಿಮ್ಮಪ್ಪ ಕೊರಗ್ತಾನೇ ಇರ್ತಾನೆ.

ಕಾರ್ತಿಕ್: ಅತ್ತೆ, ಎಲ್ಲಿಂದ ಬಂತು ಇದು? ಆದೇಶದ ಸಂಖ್ಯೆ ಇಲ್ಲ, ತಾರೀಖಿಲ್ಲ.

ಸುಮಾ ಅತ್ತೆ: ಸೈಟಿನ ವಿಷಯಕ್ಕೂ ಹೀಗೇ ಅಡ್ಡಬಾಯಿ ಹಾಕಿದ್ದೆ ನೀನು.

ಕಾರ್ತಿಕ್: ಅದರ ಖಾತೆ ಸರಿಯಿರಲಿಲ್ಲ ಅತ್ತೆ.

ಶ್ರೀಧರ ದೊಡ್ಡಪ್ಪ: ಜಗಳ ಬೇಡ. ವಿಶ್ವೇಶ್ವರಯ್ಯನವರು ಇಲ್ಲೇ ಸೆಂಟ್ರಲ್ ಕಾಲೇಜಲ್ಲಿ ಬಿಎ ಮುಗಿಸಿ, ಆಮೇಲೆ ಪುಣೆಗೆ ಹೋಗಿ ಇಂಜಿನಿಯರ್ ಆದದ್ದು. ಕಲಾಂ ಅವರದೂ ಮೊದಲು ಬಿಎಸ್ಸಿ. ಶ್ರದ್ಧೆ ಬೇಕು ಮಕ್ಕಳೇ.

ಕಾರ್ತಿಕ್: ದೊಡ್ಡಪ್ಪ, ಆಗ ಕಲಾಂ ಓದಿದ ಮದ್ರಾಸಿನ ಎಂಐಟಿ ಇಂಜಿನಿಯರಿಂಗ್ ಕಾಲೇಜಲ್ಲಿ ಬಿಎಸ್ಸಿ ಆದವರಿಗೆ ಅಂತಲೇ ಕೋರ್ಸಿತ್ತು. ಈಗಿರೋದು ಲ್ಯಾಟರಲ್ ಎಂಟ್ರಿ, ಅಂದ್ರೆ ನೇರ ಎರಡನೇ ವರ್ಷಕ್ಕೆ ಸೇರೋದು. ಅದಕ್ಕೆ ಪಿಯುಸಿಯಲ್ಲಿ ಗಣಿತ ಓದಿರಬೇಕು, ಡಿಗ್ರಿಯಲ್ಲಿ ಶೇ. 45 ಬೇಕು. ಎಎಂಐಇಗೆ ಕೇಂದ್ರದ ಮಾನ್ಯತೆ 2013ರ ಮೇ 31ರೊಳಗೆ ನೋಂದಾಯಿಸಿದವರಿಗೆ ಮಾತ್ರ. ಈಗ ದುಡ್ಡು ಕಟ್ಟಿದರೆ ಸರ್ಕಾರಿ ಕೆಲಸಕ್ಕೆ ಅದನ್ನ ಬಿಇ ಅಂತ ತೋರಿಸೋಕಾಗಲ್ಲ.

ವಿದ್ಯಾ ಅಕ್ಕ: ಸೀಟು ಸಿಕ್ಕಮೇಲೇ ಕಷ್ಟ ಶುರು. ಎರಡನೇ ವರ್ಷದ ಪಾಠದ ಜೊತೆಗೇ ಮೊದಲ ವರ್ಷದ ಡ್ರಾಯಿಂಗು, ಮೆಕ್ಯಾನಿಕ್ಸು ಪಾಸಾಗಬೇಕು.

ಪವಿ: ಡ್ರಾಯಿಂಗ್ ಅಂದ್ರೆ ಬಿಟಿಎಸ್ ಬಸ್ಸೇ ನೆನಪಾಗತ್ತೆ ಕಣ್ರೋ! ಜಯನಗರ 4ನೇ ಬ್ಲಾಕಲ್ಲಿ ಗೆರೆ ಎಳೆಯೋ ಡ್ರಾಫ್ಟರ್ ಹೆಗಲಿಗೇರಿಸ್ಕೊಂಡು ಫುಟ್‌ಬೋರ್ಡಲ್ಲಿ ನೇತಾಡ್ತಿದ್ದ ಹುಡುಗರು. ಆಗಿನ ಫೋಟೊ ಯಾರ ಹತ್ರ ಇದೆ?

ಸುಮಾ ಅತ್ತೆ: ಆಲ್ಬಮ್ಮು ಕಾರ್ತಿಕನ ಮನೇಲಿದೆ. ತಗೊಂಡು ಹೋದವರು ವಾಪಸ್ ಕೊಟ್ಟಿಲ್ಲ.

ಅನು: ಅಕ್ಕ, ಮೆಕ್ಯಾನಿಕ್ಸ್ ನಾವು ಬಿಎಸ್ಸಿಯಲ್ಲೇ ಓದಿದೀವಲ್ಲ?

ವಿದ್ಯಾ ಅಕ್ಕ: ಆ ಧೈರ್ಯಕ್ಕೇ ಹುಡುಗರು ಫೇಲಾಗೋದು. ಅಲ್ಲಿ ವಸ್ತುವನ್ನ ಒಂದು ಬಿಂದು ಅಂತ ಹಿಡಿದು ಬಲ ಕೂಡಿಸಿಬಿಡ್ತೀವಿ. ಇಲ್ಲಿ ತೊಲೆಗೆ ಉದ್ದ ಇದೆ. ಆಸರೆ ಹಿಂಜ್ ಆದರೆ (ತಿರುಗತ್ತೆ, ಜರುಗಲ್ಲ) ಎರಡು ರಿಯಾಕ್ಷನ್, ಅಂದ್ರೆ ಆಸರೆ ಕೊಡೋ ಎದುರುಬಲ; ರೋಲರ್ ಆದರೆ (ಜರುಗತ್ತೆ) ಒಂದು; ಫಿಕ್ಸೆಡ್ ಆದರೆ (ತಿರುಗಲ್ಲ, ಜರುಗಲ್ಲ) ಎರಡರ ಜೊತೆ ಒಂದು ಮೊಮೆಂಟು, ಅಂದ್ರೆ ತಿರುಗಿಸೋ ಪರಿಣಾಮ. 4 ಮೀಟರ್ ತೊಲೆ, ಎರಡು ತುದಿಗೂ ಆಸರೆ, ಎಡತುದಿಯಿಂದ 1 ಮೀಟರಲ್ಲಿ 12 ಕಿಲೋನ್ಯೂಟನ್ ಭಾರ ಅಂದ್ಕೋ. ಮೊಮೆಂಟ್ ತಗೊಳ್ಳದೆ 6-6 ಅಂತ ಬರೀತಾರೆ. ಸರಿ ಉತ್ತರ ಎಡ ಆಸರೆಗೆ 9, ಬಲ ಆಸರೆಗೆ 3.
ಡ್ರಾಯಿಂಗಲ್ಲಿ ನಮ್ಮದು ಫಸ್ಟ್ ಆಂಗಲ್ ಪದ್ಧತಿ: ಎದುರಿಂದ ಕಾಣೋ ಫ್ರಂಟ್ ವ್ಯೂ ಹಾಳೆಯ ಮೇಲ್ಭಾಗದಲ್ಲಿ, ಮೇಲಿಂದ ಕಾಣೋ ಟಾಪ್ ವ್ಯೂ ಅದರ ಕೆಳಗೆ. ಅಮೆರಿಕದ ವಿಡಿಯೊ ನೋಡಿ ಕಲಿತವರು ಇದನ್ನೇ ಉಲ್ಟಾ ಹಾಕ್ತಾರೆ.
ಎಂಎಸ್ಸಿ ಮಾಡೋ ಮನಸ್ಸಿದ್ರೆ ಬಿಇ ಬಿಟ್ಟು ಎಂಟೆಕ್ ಪ್ರವೇಶದ ಗೇಟ್ ಪರೀಕ್ಷೆ ಬರಿ. ಫಿಸಿಕ್ಸ್ ಎಂಎಸ್ಸಿ ಆದವರನ್ನ ಐಐಟಿ ದೆಹಲಿಯಲ್ಲಿ ಸಾಲಿಡ್ ಸ್ಟೇಟ್ ಮೆಟೀರಿಯಲ್ಸ್ ಎಂಟೆಕ್‌ಗೆ ತಗೋತಾರೆ. ಆದರೆ ನೇಮಕಾತಿ ಪ್ರಕಟಣೆಯಲ್ಲಿ ಬಿಇ ಅಂತಲೇ ಇದ್ದರೆ ಆ ದಾರಿಯವರಿಗೆ ತೊಡಕು. ಯಾವ ಕೆಲಸ ಬೇಕು ಅಂತ ಮೊದಲು ನಿರ್ಧಾರ ಮಾಡು.

ಸುಮಾ ಅತ್ತೆ: ಕಾರ್ತಿಕ ಮೊದಲೇ ಹೀಗೆ ಬಿಡಿಸಿ ಹೇಳಬಹುದಿತ್ತು.

ಅನು: ಪಿಯುಸಿಯಲ್ಲಿ ನಂಗೆ ಗಣಿತ ಇತ್ತು ಅಕ್ಕ. ಆ 9-3 ಲೆಕ್ಕ ಮಾತ್ರ ತಿಳೀಲಿಲ್ಲ.

ವಿದ್ಯಾ ಅಕ್ಕ: ಭಾನುವಾರ ಮನೆಗೆ ಬಾ. 2ಎಚ್, ಎಚ್‌ಬಿ ಎರಡೂ ಪೆನ್ಸಿಲ್ ತಗೊಂಡು ಬಾ.