ಒರೆಸಿಕೊಂಡ ಬೂದಿ

ಕಳೆದ ಸಂಚಿಕೆಯಲ್ಲಿ ಬಂದ ಸಮಸ್ಯೆ: ನನಗೆ 26 ವರ್ಷ. ಬೆಂಗಳೂರಿನ ಒಂದು ಆಫೀಸಿನಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ವಿಭೂತಿ ಬುಧವಾರ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲ ಶುರುವಾಗುವ ದಿನ, ಚರ್ಚಿನ ಬೆಳಗಿನ ಪೂಜೆಗೆ ಹೋಗಿ, ಹಣೆಗೆ ಬೂದಿಯ ಶಿಲುಬೆ ಹಾಕಿಸಿಕೊಂಡು ಬಸ್ ಹತ್ತಿದೆ. ಸ್ಟಾಪ್ ಹತ್ತಿರ ಬಂದ ಹಾಗೆ ಯಾಕೋ ಮುಜುಗರವಾಯಿತು. ಕರ್ಚೀಫಿನಿಂದ ಒರೆಸಿಕೊಂಡೆ. ಪೂರ್ತಿ ಹೋಗಿರಲಿಲ್ಲ. ಆಫೀಸಿನಲ್ಲಿ ಪಕ್ಕದ ಸೀಟಿನ ಅಕ್ಕ "ಇದೇನೇ ಕಪ್ಪು?" ಅಂದರು. "ಬಸ್ಸಿನ ಕಂಬಿಯ ಗ್ರೀಸ್ ಇರಬೇಕು" ಅಂದೆ. ಪಾಪ, ಅವರೇ ಒದ್ದೆ ಟಿಶ್ಯೂ ತಂದು ಒರೆಸಿದರು. ನಾನು ಕ್ರೈಸ್ತಳು ಅಂತ ಅಲ್ಲಿ ಯಾರಿಗೂ ಗೊತ್ತಿಲ್ಲ, ಹೆಸರಿನಿಂದಲೂ ತಿಳಿಯುವುದಿಲ್ಲ. ಯಾರೂ ನನಗೆ ತೊಂದರೆ ಕೊಟ್ಟಿಲ್ಲ. ಆದರೂ ಹೆದರಿದೆ. ಅವತ್ತಿನಿಂದ ಆ ಅಕ್ಕನ ಮುಖ ನೋಡಲು ಆಗುತ್ತಿಲ್ಲ. ನಾನು ಹೇಡಿಯೇ?

ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ಹೌದು ತಂಗೀ, ಹೇಡಿತನವೇ. ಬೇರೆ ಹೆಸರು ಕೊಟ್ಟು ಸಮಾಧಾನ ಮಾಡುವುದಿಲ್ಲ. ಜನರ ಮುಂದೆ ನನ್ನನ್ನು ಒಪ್ಪಿಕೊಂಡವರನ್ನು ತಂದೆಯ ಮುಂದೆ ನಾನೂ ಒಪ್ಪಿಕೊಳ್ಳುತ್ತೇನೆ, ಅಲ್ಲಗಳೆದವರನ್ನು ಅಲ್ಲಗಳೆಯುತ್ತೇನೆ ಅಂತ ಯೇಸುಸ್ವಾಮಿಯೇ ಹೇಳಿದ್ದಾರೆ. ಬೈಬಲಿನಲ್ಲಿ ಮತ್ತಾಯ 10 ತೆಗೆದು ಓದಿ.
– ಒಬ್ಬ ಓದುಗ, ಕೋಲಾರ

ಮಗಳೇ, ನಾನು ಮಂಗಳೂರಿನವಳು. ನಮ್ಮ ಮನೆಯಲ್ಲಿ ಬೂದಿ ಬುಧವಾರ ಬಂತೆಂದರೆ ಅಜ್ಜಿ ಒಂದೇ ಕಥೆ ಹೇಳುತ್ತಿದ್ದರು. 1784ರಲ್ಲಿ ಇದೇ ದಿನ ಟಿಪ್ಪುವಿನ ಸೈನ್ಯ ಕರಾವಳಿಯ ಕ್ರೈಸ್ತರನ್ನು ಹಿಡಿದು, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋಯಿತು. ದಾರಿಯಲ್ಲಿ ಸತ್ತವರು ಎಷ್ಟೋ, ಸೆರೆಯಲ್ಲಿ ಸತ್ತವರು ಎಷ್ಟೋ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಉಳಿದವರು ಊರಿಗೆ ಮರಳಿದರು. ಚಿಕ್ಕವಳಿದ್ದಾಗ ನಾನು ಇದನ್ನು ಬರೀ ಶೂರರ ಕಥೆ ಅಂದುಕೊಂಡಿದ್ದೆ. ಒಂದು ಸಲ ಅಜ್ಜಿ ಮಲ್ಲಿಗೆ ಕಟ್ಟುತ್ತಾ, ತಲೆ ಎತ್ತದೆ, "ಎಲ್ಲರೂ ಗಟ್ಟಿಯಾಗಿ ನಿಂತರು ಅಂದುಕೊಂಡಿದ್ದೀಯಾ?" ಎಂದು ಕೇಳಿದರು. ಹೆದರಿಯೋ ಒತ್ತಾಯಕ್ಕೋ ಧರ್ಮ ಬಿಟ್ಟವರೂ ಬಹಳ ಇದ್ದರು. ವಾಪಸ್ ಬಂದಾಗ ಅವರೂ ಇಗರ್ಜಿಯ (ಚರ್ಚಿನ) ಬಾಗಿಲಿಗೇ ಬಂದರು. ಅವರನ್ನು ಮತ್ತೆ ಒಳಗೆ ಸೇರಿಸಿಕೊಂಡರು. "ನಾವು ಯಾರ ಸಂತಾನವೋ ಯಾರಿಗೆ ಗೊತ್ತು" ಅಂದು ಅಜ್ಜಿ ದಾರ ಕಚ್ಚಿ ತುಂಡು ಮಾಡಿದರು. ನಿನ್ನ ಪತ್ರ ಓದಿದಾಗ ನನಗೆ ನೆನಪಾದದ್ದು ಆ ದಾರ.
– ಗೃಹಿಣಿ, ಮಂಗಳೂರು

ಚರ್ಚಿನ ನಿವೃತ್ತ ಗುರುವಿನ ಎರಡು ಮಾತು. ಮೊದಲನೆಯದಾಗಿ, ಬೂದಿ ಒರೆಸಿದ್ದು ತಪ್ಪೇ ಅಲ್ಲ. ಅವತ್ತಿನ ಪೂಜೆಯಲ್ಲಿ ಓದುವ ಶುಭಸಂದೇಶ ಯಾವುದು ಹೇಳಿ? ಮತ್ತಾಯ 6. ಉಪವಾಸ ಮಾಡುವಾಗ ಮುಖ ತೊಳೆದುಕೊಳ್ಳಿ, ಜನರಿಗೆ ತೋರಿಸಬೇಡಿ ಅನ್ನುವ ಭಾಗ! ಅದನ್ನು ಓದಿ ಮುಗಿಸಿ ನಾವೇ ಎಲ್ಲರ ಹಣೆಗೆ ಬೂದಿ ಬಳಿಯುತ್ತೇವೆ. 40 ವರ್ಷ ಬಳಿದಿದ್ದೇನೆ, ಪ್ರತಿ ವರ್ಷ ಒಳಗೊಳಗೇ ನಗು ಬರುತ್ತಿತ್ತು. ಆದ್ದರಿಂದ ಬೂದಿಯ ಚಿಂತೆ ಬಿಡಿ. ಗ್ರೀಸ್ ಅಂದಿರಲ್ಲ, ಚುಚ್ಚುತ್ತಿರುವುದು ಅದು.

ಯೇಸುವನ್ನು ಹಿಡಿದ ರಾತ್ರಿ ಶಿಷ್ಯ ಪೇತ್ರ, ಅವರು ಯಾರೋ ನನಗೆ ಗೊತ್ತಿಲ್ಲ ಅಂದುಬಿಟ್ಟ. ನೀನೂ ಅವರ ಶಿಷ್ಯನಲ್ಲವೇ ಅಂತ ಅವನನ್ನು ಮೊದಲು ಕೇಳಿದ್ದು ಯಾರು? ಸೈನಿಕನಲ್ಲ, ನ್ಯಾಯಾಧೀಶನಲ್ಲ. ಬಾಗಿಲು ಕಾಯುವ ಹುಡುಗಿ. ಕತ್ತಿ ಕಂಡಾಗ ಕತ್ತಿ ಎತ್ತಿದ ಮನುಷ್ಯ ಒಂದು ಸಾದಾ ಪ್ರಶ್ನೆಗೆ ಬಿದ್ದುಹೋದ. ದೊಡ್ಡ ಹೆದರಿಕೆಗೆ ನಾವು ತಯಾರಾಗಿರುತ್ತೇವೆ, ಪಕ್ಕದ ಸೀಟಿಗೆ ತಯಾರಾಗಿರುವುದಿಲ್ಲ. ಅವನು ಹಾಗೆ ಹೇಳಿದ್ದು ಇದ್ದಿಲ ಬೆಂಕಿಯ ಹತ್ತಿರ ಅಂತ ಯೊವಾನ್ನ ಬರೆಯುತ್ತಾನೆ. ಪುನರುತ್ಥಾನದ ನಂತರ ಕೆರೆಯ ದಂಡೆಯಲ್ಲಿ ಯೇಸು ಮೀನು ಸುಡುತ್ತಾ ಕೂತಿದ್ದೂ ಇದ್ದಿಲ ಬೆಂಕಿಯ ಮುಂದೆಯೇ. ಅಲ್ಲಿ ಬೈಗುಳ ಇಲ್ಲ. ಮೊದಲು ತಿಂಡಿ, ಆಮೇಲೆ ನನ್ನನ್ನು ಪ್ರೀತಿಸುತ್ತೀಯಾ ಅಂತ ಪೇತ್ರನಿಗೆ ಮೂರು ಸಲ ಪ್ರಶ್ನೆ.

ಇನ್ನೊಬ್ಬರ ವಿಷಯ ಹೇಳುತ್ತೇನೆ. ಕ್ರಿ.ಶ. 250ರಲ್ಲಿ ರೋಮ್ ಚಕ್ರವರ್ತಿ ದೇಸಿಯಸ್, ಎಲ್ಲರೂ ದೇವತೆಗಳಿಗೆ ಬಲಿ ಕೊಟ್ಟು ಸರ್ಟಿಫಿಕೇಟ್ ತೆಗೆದುಕೊಳ್ಳಬೇಕು ಅಂದ. ಬಲಿ ಕೊಡದೆ, ದುಡ್ಡು ಕೊಟ್ಟು ಚೀಟಿ ಮಾಡಿಸಿಕೊಂಡ ಕ್ರೈಸ್ತರೂ ಇದ್ದರು. ಆಗಿನ ಚೀಟಿಗಳು ಈಜಿಪ್ಟಿನ ಮರಳಿನಲ್ಲಿ ಸಿಕ್ಕಿವೆ. ಉತ್ತರ ಆಫ್ರಿಕಾದ ಕಾರ್ತೇಜ್ ಊರಿನ ಬಿಷಪ್ ಸಿಪ್ರಿಯನ್ ಆಗ ಊರು ಬಿಟ್ಟು ಅಡಗಿಕೊಂಡರು. ಜನ ಆಡಿಕೊಂಡರು. ಅದೇ ಸಿಪ್ರಿಯನ್ 258ರಲ್ಲಿ ಅದೇ ಊರಿನಲ್ಲಿ, ಎಲ್ಲರ ಮುಂದೆ ತಲೆ ಕೊಟ್ಟರು. ನಡುವೆ 8 ವರ್ಷ ಇತ್ತು ನೋಡಿ.
– ಒಬ್ಬ ಗುರು, ಮೈಸೂರು

ಎಲ್ಲರೂ ಧೈರ್ಯ ಧೈರ್ಯ ಅಂತ ಬರೆಯುತ್ತಾರೆ. ನಾನೊಂದು ಮಾತು ಹೇಳಲಾ? ಬಾಡಿಗೆ ಮನೆಯ ಬಾಗಿಲಿಗೆ ಶಿಲುಬೆ ಅಂಟಿಸಿದ ತಿಂಗಳೇ ನಮಗೆ ಖಾಲಿ ಮಾಡಿ ಅಂದರು. ಸಂವಿಧಾನದ 25ನೇ ವಿಧಿ ನನಗೂ ಗೊತ್ತು. ನನ್ನ ಧರ್ಮ ಇದು ಅಂತ ಹೇಳಿಕೊಳ್ಳುವ, ಆಚರಿಸುವ ಹಕ್ಕು ಅದರಲ್ಲಿದೆ. ಆದರೆ ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ಪರೀಕ್ಷೆಯ ತಿಂಗಳಲ್ಲಿ ಮನೆ ಹುಡುಕಿದವರು ನಾವು. ಶಿಲುಬೆ ಈಗಲೂ ಇದೆ, ಬಾಗಿಲ ಒಳಗಡೆ. ಯಾರಿಗೆ ಎಷ್ಟು ಭಾರ ಅಂತ ಹೊರುವವರೇ ಹೇಳಬೇಕು. ನಿಮಗೆ ಅಲ್ಲಿ ತೊಂದರೆ ಇಲ್ಲ ಅಂತ ನೀವೇ ಬರೆದಿದ್ದೀರಿ, ಹಾಗಾಗಿ ನಿಮ್ಮ ಮಾತು ಬೇರೆ. ಸುಮ್ನೆ ಹೇಳಿದೆ.
– ಹೆಸರು ಬೇಡ

ನಾನು ಕ್ರೈಸ್ತನಲ್ಲ, ಲಿಂಗಾಯತ. ಬರೆಯಬಹುದು ತಾನೆ? ದಿನಾ ಮೂರು ಬೆರಳಲ್ಲಿ ವಿಭೂತಿ ಹಚ್ಚಿಕೊಂಡೇ ಬ್ಯಾಂಕಿಗೆ ಹೋಗುತ್ತೇನೆ, ಇಲ್ಲಿ ಯಾರೂ ಏನು ಅಂತ ಕೇಳುವುದಿಲ್ಲ. ಆದರೆ ಹೊಸದಾಗಿ ಮುಂಬೈಗೆ ಹೋದಾಗ, ಸಂದರ್ಶನದ ದಿನ ಲೋಕಲ್ ಟ್ರೇನಿನಲ್ಲೇ ಒರೆಸಿಕೊಂಡಿದ್ದೆ. ನಿಮ್ಮ ಹಾಗೇ ಕರ್ಚೀಫಿನಿಂದ. ಬಿಳಿ ಕಲೆ ಜೇಬಿನಲ್ಲಿಟ್ಟುಕೊಂಡು ಸಂಜೆಯ ತನಕ ಓಡಾಡಿದೆ. ನಿಮ್ಮ ಬೂದಿ ಹೋದ ವರ್ಷದ ಗರಿ ಹಬ್ಬದ ಗರಿಗಳನ್ನು ಸುಟ್ಟು ಮಾಡಿದ್ದಂತೆ, ಗೆಳೆಯರೊಬ್ಬರು ಹೇಳಿದರು. ನಮ್ಮದು ಸಗಣಿ ಸುಟ್ಟಿದ್ದು. ನನ್ನ ಪಕ್ಕದ ಸೀಟಿನಲ್ಲಿ ಕೂತವರು ಹೀಗೆ ಹೇಳಿದ್ದರೆ ಅರ್ಧ ಗಂಟೆ ಮಾತಾಡಲು ವಿಷಯ ಸಿಗುತ್ತಿತ್ತು. ಆ ಅಕ್ಕನಿಗೂ ಹಾಗೇ ಅನ್ನಿಸಬಹುದು ಅಲ್ವಾ?
– ಬ್ಯಾಂಕ್ ಉದ್ಯೋಗಿ, ದಾವಣಗೆರೆ

ನಮ್ಮದು ಬಾಸೆಲ್ ಮಿಷನ್ ಕಾಲದ ಪ್ರೊಟೆಸ್ಟಂಟ್ ಮನೆತನ, ನಮ್ಮ ಸಭೆಯಲ್ಲಿ ಬೂದಿ ಹಚ್ಚುವ ರೂಢಿ ಇಲ್ಲ. ನಮ್ಮ ಪರೀಕ್ಷೆ ಆಯುಧಪೂಜೆ. ವರ್ಕ್‌ಶಾಪಿನಲ್ಲಿ ಹಿಂದಿನ ದಿನ ಎಲ್ಲರ ಜೊತೆ ಮಷಿನ್ ತೊಳೆಯುತ್ತೇನೆ, ಎಣ್ಣೆ ಒರೆಸುತ್ತೇನೆ. ಆರತಿ ಹೊತ್ತಿಗೆ ಹಿಂದೆ ನಿಲ್ಲುತ್ತೇನೆ. ಮೊದಲ ವರ್ಷ ಫೋರ್‌ಮನ್ ತಟ್ಟೆ ಹಿಡಿದು ಬಂದಾಗ, "ಅಣ್ಣಾ, ನಾನು ಬೆಳಿಗ್ಗೆ ನನ್ನ ಪ್ರಾರ್ಥನೆ ಮುಗಿಸಿ ಬಂದೀನಿ" ಅಂದೆ. ಅವರು ಸರಿ ಅಂದು ಮುಂದಿನವರ ಹತ್ತಿರ ಹೋದರು. ಅಷ್ಟೇ. ಆ ಒಂದು ವಾಕ್ಯವನ್ನು ನಾನು ವಾರಪೂರ್ತಿ ಸೈಕಲ್ ಮೇಲೆ ಹೇಳಿಕೊಂಡು ರೂಢಿ ಮಾಡಿದ್ದೆ ಅನ್ನುವುದು ಬೇರೆ ಮಾತು. ಉತ್ತರ ಕೊಡಲು ಸಿದ್ಧರಿರಿ, ಆದರೆ ಸೌಮ್ಯವಾಗಿ ಕೊಡಿ ಅಂತ ಪೇತ್ರನೇ ತನ್ನ ಪತ್ರದಲ್ಲಿ ಬರೆದಿದ್ದಾನೆ. ಆ ಬಾಗಿಲ ಹುಡುಗಿಗೆ ಸುಳ್ಳು ಹೇಳಿದ ಪೇತ್ರನೇ.
– ಫಿಟ್ಟರ್, ಹುಬ್ಬಳ್ಳಿ

ನಾನು ಹಳ್ಳಿಯ ಶಾಲೆಯೊಂದರಲ್ಲಿ 11 ವರ್ಷ ಹೇಳದೇ ಇದ್ದೆ. ಮಧ್ಯಾಹ್ನ ಡಬ್ಬಿ ತೆರೆಯುವ ಮುಂಚೆ ಸೆರಗಿನ ಒಳಗೆ, ಹೆಬ್ಬೆರಳಿನಿಂದ ಎದೆಯ ಮೇಲೆ ಪುಟ್ಟ ಶಿಲುಬೆ ಎಳೆದುಕೊಳ್ಳುತ್ತಿದ್ದೆ. ಯಾರಿಗೂ ಕಾಣುವುದಿಲ್ಲ ಅಂದುಕೊಂಡಿದ್ದೆ. ಹನ್ನೆರಡನೇ ವರ್ಷ ಕ್ರಿಸ್ಮಸ್ ಮುಗಿದ ಮೇಲೆ ಗಟ್ಟಿ ಮನಸ್ಸು ಮಾಡಿ, ಸ್ಟಾಫ್ ರೂಮಿಗೆ ಒಂದು ಡಬ್ಬಿ ಕಲ್ಕಲ್ ತೆಗೆದುಕೊಂಡು ಹೋದೆ. ಕೈ ನಡುಗುತ್ತಿತ್ತು. "ನಮ್ಮ ಹಬ್ಬದ್ದು" ಅಂದೆ. ಹಿರಿಯ ಮೇಡಂ ಒಂದು ತೆಗೆದು ಬಾಯಿಗೆ ಹಾಕಿಕೊಂಡು, "ಗೊತ್ತಿತ್ತು ಕಣೇ, ನೀನು ಶಿಲುಬೆ ಹಾಕೋವರೆಗೂ ನಾನು ತುತ್ತು ಎತ್ತುತ್ತಾ ಇರಲಿಲ್ಲ" ಅಂದರು.
– ನಿವೃತ್ತ ಶಿಕ್ಷಕಿ, ಚಿಕ್ಕಮಗಳೂರು