ಬರೆಯ ಬದಿಯಲ್ಲಿ ನೆಲದಡಿಯ ಗಿಡದ ಕೋಣೆ: ಕೊಡಗಿನವರ ಅನುಭವಗಳು

ಪ್ರಶ್ನೆ, ಮಡಿಕೇರಿ ಸಮೀಪದಿಂದ:

ಮಡಿಕೇರಿಯಿಂದ ಸ್ವಲ್ಪ ದೂರದಲ್ಲಿ, ಇಳಿಜಾರಿನ ನಡುವೆ ಮಟ್ಟ ಮಾಡಿದ ಜಾಗದಲ್ಲಿ ನಮ್ಮ ಮನೆಯಿದ್ದು, ಅದರ ಒಂದು ಪಕ್ಕವನ್ನು ಹೋಂಸ್ಟೇ ಅತಿಥಿಗಳಿಗೆ ಬಿಟ್ಟಿದ್ದೇವೆ. ಹಿಂಬದಿಯ ಬರೆಯನ್ನು, ಅಂದರೆ ಮನೆಯ ಹಿಂದೆ ಏರಿ ನಿಂತಿರುವ ಇಳಿಜಾರಿನ ಮಣ್ಣನ್ನು ಕಡಿದು, ನೆಲದೊಳಗೆ 12 ಅಡಿ ಅಗಲ, 16 ಅಡಿ ಉದ್ದ, 9 ಅಡಿ ಎತ್ತರದ ಒಂದು ಕೋಣೆ ಕಟ್ಟಿಸಿ, ತಾರಸಿಯ ಮೇಲೆ 2 ಅಡಿ ಮಣ್ಣು ಹರಡಿ ಹುಲ್ಲು ಬೆಳೆಸಿದರೆ, ಕೋಣೆ ಯಾರ ಕಣ್ಣಿಗೂ ಬೀಳದು, ಮಂಗಗಳ ಕಾಟವೂ ಇರದು ಎಂಬುದು ನನ್ನ ಯೋಚನೆ. ಒಳಗೆ ಎಲ್‌ಇಡಿ ದೀಪಗಳ ಕೆಳಗೆ ಕೇಸರಿ, ಲೆಟ್ಯೂಸ್‌ನಂಥ ಸೊಪ್ಪು ಹಾಗೂ ಕರಿಮೆಣಸಿನ ಸಸಿಗಳನ್ನು ಬೆಳೆಸಬೇಕೆಂದಿದ್ದೇನೆ. ಮಳೆಗಾಲದ ನೀರು, ಗಾಳಿಯಾಟ, ವಿದ್ಯುತ್ತು, ಪರವಾನಗಿ ಇವುಗಳ ಬಗ್ಗೆ ಅನುಭವವುಳ್ಳವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ, ಮಡಿಕೇರಿಯಿಂದ:

ಸರ್, ನಾನು ಕಟ್ಟಡದ ಕೆಲಸದವನು. 2018ರ ಆಗಸ್ಟ್ ಕಳೆದ ಮೇಲೆ ನನ್ನ ಕೈಗೆ ಬಂದ ಕೆಲಸದಲ್ಲಿ ಹೆಚ್ಚಿನ ಪಾಲು ತಡೆಗೋಡೆಗಳದ್ದೇ ಆದ್ದರಿಂದ, ಗಿಡದ ವಿಚಾರವನ್ನು ಬಲ್ಲವರಿಗೆ ಬಿಟ್ಟು ಮಣ್ಣು ಮತ್ತು ನೀರಿನ ವಿಚಾರವನ್ನಷ್ಟೇ ಹೇಳುತ್ತೇನೆ. ನಿಮ್ಮ ಯೋಜನೆಯಲ್ಲಿ ನನಗೆ ಹಿಡಿಸದಿರುವುದು ಬರೆ ಕಡಿಯುವ ಭಾಗ. ಆ ವರ್ಷ ಮಕ್ಕಂದೂರು, ಜೋಡುಪಾಲ, ಕಾಲೂರು ಕಡೆ ಗುಡ್ಡಗಳು ಜಾರಿದ ಮೇಲೆ ಬಂದು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು, ಅತಿಯಾದ ಮಳೆಯ ಜೊತೆಗೆ ಮನೆ ಮತ್ತು ರಸ್ತೆಗಳಿಗಾಗಿ ಇಳಿಜಾರನ್ನು ಮನಸ್ಸಿಗೆ ಬಂದಂತೆ ಕಡಿದದ್ದನ್ನೂ ಕಾರಣವೆಂದು ಗುರುತಿಸಿದ್ದರು. ನಮ್ಮಲ್ಲಿ ಮೇಲಿನ ಕೆಂಪು ಮಣ್ಣಿನ ಕೆಳಗೆ ಅನೇಕ ಕಡೆ ಶೇಡಿ ಮಣ್ಣು ಸಿಗುತ್ತದೆ. ಫೆಬ್ರವರಿಯಲ್ಲಿ ಪಿಕಾಸಿಗೂ ಬಗ್ಗದ ಆ ಶೇಡಿ, ಮಳೆಗಾಲದಲ್ಲಿ ನೀರು ಕುಡಿದ ಮೇಲೆ ಮುಷ್ಟಿಯಲ್ಲಿ ಹಿಸುಕಿದರೆ ಬೆರಳ ಸಂದಿನಿಂದ ಜಾರಿ ಹೋಗುತ್ತದೆ. ಬೇಸಿಗೆಯಲ್ಲಿ ಹಿಟಾಚಿ ತಂದು ನೆಟ್ಟಗೆ ಕಡಿದ ಬರೆ ಗೋಡೆಯಂತೆ ನಿಂತಿರುವುದನ್ನು ಕಂಡು ಧೈರ್ಯ ಬರುವುದು ಸಹಜ, ಆದರೆ ಅದರ ನಿಜವಾದ ಪರೀಕ್ಷೆ ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್ ನಡುವಿನ ಬಿರುಮಳೆಯ ತಿಂಗಳಲ್ಲಿ, ಗುಡ್ಡದೊಳಗಿನಿಂದ ಜಲ ಏಳುವಾಗ ನಡೆಯುತ್ತದೆ.

ಲೆಕ್ಕವನ್ನೂ ನೋಡಿ. ಗೋಡೆಯ ಹಿಂದೆ 9 ಅಡಿ ಎತ್ತರಕ್ಕೆ ನೀರು ನಿಂತರೆ, ಗೋಡೆಯ ಪ್ರತಿ ಮೀಟರ್ ಉದ್ದದ ಮೇಲೆ ನೀರಿನ ಒತ್ತಡವೇ ಸುಮಾರು 3.8 ಟನ್ ಆಗುತ್ತದೆ, ಮಣ್ಣಿನ ಒತ್ತಡ ಅದಕ್ಕೆ ಬೇರೆ ಸೇರುತ್ತದೆ. ತಾರಸಿಯ ಮೇಲಿನ 2 ಅಡಿ ಮಣ್ಣು ನೆನೆದಾಗ ಅದರ ಭಾರ ಹೆಚ್ಚು ಕಡಿಮೆ 20 ಟನ್. ಸಿಮೆಂಟ್ ಬ್ಲಾಕ್ ಅಥವಾ ಸೈಜುಕಲ್ಲಿನ ಗೋಡೆ, ಮನೆಯ ತಾರಸಿಗೆ ಹಾಕುವಷ್ಟೇ ಕಬ್ಬಿಣದ ಸ್ಲ್ಯಾಬ್, ಇವೆರಡೂ ಇಲ್ಲಿ ನಡೆಯುವುದಿಲ್ಲ. ಗೋಡೆ, ನೆಲ, ತಾರಸಿ ಮೂರೂ ಕಬ್ಬಿಣ ಹೆಣೆದ ಕಾಂಕ್ರೀಟಿನದಾಗಿ ಒಂದಕ್ಕೊಂದು ಬೆಸೆದಿರಬೇಕು ಮತ್ತು ಅದರ ವಿನ್ಯಾಸವನ್ನು ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು ಮಾಡಿ ಸಹಿ ಹಾಕಿರಬೇಕು, ಮೇಸ್ತ್ರಿಯ ಅಂದಾಜು ಸಾಲದು. ಇನ್ನೊಂದು ವಿಷಯ ಬಹಳ ಜನರ ಗಮನಕ್ಕೆ ಬರುವುದೇ ಇಲ್ಲ. ಸುತ್ತಲಿನ ಮಣ್ಣಿನಲ್ಲಿ ನೀರು ತಾರಸಿಯ ಮಟ್ಟಕ್ಕೆ ಏರಿದರೆ ನೀವು ಹೇಳಿದ ಅಳತೆಯ ಖಾಲಿ ಕೋಣೆಯನ್ನು ಸುಮಾರು 49 ಟನ್ ಬಲ ಮೇಲಕ್ಕೆ ಎತ್ತುತ್ತದೆ. ಮಳೆಗಾಲದಲ್ಲಿ ಖಾಲಿ ಬಿಟ್ಟ ಸಂಪ್ ನೆಲ ಬಿಟ್ಟು ಎದ್ದಿರುವುದನ್ನು ಇಲ್ಲಿ ಹಲವರು ಕಂಡಿರಬಹುದು, ಕಾರಣ ಇದೇ. ತಾರಸಿಯ ಮೇಲೆ ಮಣ್ಣು ಹಾಕುವ ಮೊದಲೇ ಮಳೆ ಹಿಡಿದರೆ ಅಪಾಯ ಹೆಚ್ಚು.

ಗೋಡೆಯ ಹಿಂದೆ ಒಂದಡಿ ದಪ್ಪಕ್ಕೆ ಜಲ್ಲಿ ತುಂಬಿ, ಮಣ್ಣು ಸೇರದಂತೆ ಸೋಸುಬಟ್ಟೆಯ ಹೊದಿಕೆ ಕೊಟ್ಟು, ಕೋಣೆಯ ನೆಲಕ್ಕಿಂತ ಕೆಳಗೆ ತೂತು ಕೊರೆದ 4 ಇಂಚಿನ ಪಿವಿಸಿ ಪೈಪ್ ಹಾಯಿಸಿ, ನೀರು ತನ್ನಷ್ಟಕ್ಕೆ ಇಳಿಜಾರಿಗೆ ಹರಿದು ಹೋಗುವಂತೆ ಮಾಡಬೇಕು. ನೀರೆತ್ತಲು ಪಂಪನ್ನು ನೆಚ್ಚಿಕೊಳ್ಳಬೇಡಿ, ಏಕೆಂದರೆ ಪಂಪ್ ಬೇಕಾಗುವ ದಿನವೇ ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋಗಿರುತ್ತದೆ. ನೀರು ನಿರೋಧಕ ಲೇಪನ ಮಣ್ಣಿನ ಕಡೆಯ ಮೈಗೆ ಆಗಬೇಕು, ಒಳಗಿನಿಂದ ಬಳಿದದ್ದು ಒಂದೆರಡು ಮಳೆಗಾಲದಲ್ಲಿ ಹಪ್ಪಳ ಏಳುತ್ತದೆ. ಅಗೆಯುವುದರಿಂದ ಹಿಡಿದು ಮಣ್ಣು ಮುಚ್ಚುವವರೆಗಿನ ಕೆಲಸ ಡಿಸೆಂಬರ್ ಮತ್ತು ಏಪ್ರಿಲ್ ನಡುವೆ ಮುಗಿಯಬೇಕು. ಮಳೆಗಾಲದಲ್ಲಿ ಮಣ್ಣು ಅಗೆಯುವುದಕ್ಕೆ ಜಿಲ್ಲಾಡಳಿತ ನಿರ್ಬಂಧ ಹೇರುವುದುಂಟು, ಹೇರದಿದ್ದರೂ ಕೆಲಸದವರನ್ನು ಆಗ ಬರೆಯ ಬುಡಕ್ಕೆ ಇಳಿಸುವುದು ತಪ್ಪು.

ಉತ್ತರ, ಸುಂಟಿಕೊಪ್ಪ ಕಡೆಯಿಂದ:

ನಮ್ಮ ತೋಟದ ಹಳೆಯ ಗೋದಾಮಿನ ಕೆಳಗೆ ಅರ್ಧ ನೆಲದೊಳಗಿರುವ ಕೋಣೆಯೊಂದರಲ್ಲಿ ಸೊಪ್ಪು ಮತ್ತು ಆಂಥೂರಿಯಂ ಸಸಿಗಳನ್ನು ದೀಪದಡಿ ಬೆಳೆಸುತ್ತಿದ್ದೇನೆ. ಮೇಲಿನವರು ಹೊರಗಿನ ನೀರಿನ ಬಗ್ಗೆ ಹೇಳಿದ್ದಾರೆ, ನಾನು ಒಳಗಿನ ನೀರಿನ ಬಗ್ಗೆ ಹೇಳುತ್ತೇನೆ, ಏಕೆಂದರೆ ನನಗೆ ಹೆಚ್ಚು ತಲೆನೋವು ಕೊಟ್ಟದ್ದು ಅದೇ. ಗಿಡಕ್ಕೆ ದಿನಕ್ಕೆ 20 ಲೀಟರ್ ಕೊಟ್ಟರೆ, ಗಿಡ ತನ್ನ ಮೈಗೆ ಉಳಿಸಿಕೊಳ್ಳುವುದು ಅತ್ಯಲ್ಪ. ಉಳಿದದ್ದೆಲ್ಲ ಎಲೆಯಿಂದ ಆವಿಯಾಗಿ ಅದೇ ಕೋಣೆಯ ಗಾಳಿಗೆ ಸೇರುತ್ತದೆ. ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಅದು ರಾತ್ರಿ ದೀಪ ಆರಿದೊಡನೆ ಗೋಡೆಯ ಮೇಲೆ ಹನಿಯಾಗಿ ಕೂರುತ್ತದೆ, ಮರುದಿನ ಸಸಿಯ ಬುಡದಲ್ಲಿ ಬಿಳಿ ನೂಲಿನಂಥ ಬೂಷ್ಟು ಕಾಣಿಸಿಕೊಳ್ಳುತ್ತದೆ, ಆಮೇಲೆ ಟ್ರೇಗಟ್ಟಲೆ ಸಸಿಗಳು ಬುಡ ಕೊಳೆತು ಮಲಗುತ್ತವೆ.

ಕೊಡಗಿನ ಮಳೆಗಾಲದಲ್ಲಿ ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಹೊರಗಿನ ತೇವವೇ ಒಳಗೆ ಬರುವುದಿಲ್ಲವೇ ಎಂದು ಅನೇಕರು ಕೇಳುತ್ತಾರೆ. ನೋಡಲು ಹಾಗೆ ಅನ್ನಿಸಿದರೂ ನಡೆಯುವುದು ಬೇರೆ. ಜುಲೈನಲ್ಲಿ 19 ಡಿಗ್ರಿಯ ಗಾಳಿ ತೇವದಿಂದ ಪೂರ್ತಿ ತುಂಬಿದ್ದರೂ, ದೀಪದ ಕಾವಿನಿಂದ ಒಳಗೆ 25 ಡಿಗ್ರಿಗೆ ಬಂದಾಗ ಅದರ ಸಾಪೇಕ್ಷ ಆರ್ದ್ರತೆ ಶೇ. 70ರ ಆಸುಪಾಸಿಗೆ ಇಳಿಯುತ್ತದೆ. ಹಾಗಾಗಿ ದೀಪ ಹೊತ್ತಿರುವಷ್ಟು ಹೊತ್ತು ಫ್ಯಾನ್ ತೇವವನ್ನು ಹೊರಕ್ಕೆ ಒಯ್ಯುತ್ತದೆ. ನಿಜವಾಗಿ ತೊಂದರೆ ಕೊಡುವುದು ಏಪ್ರಿಲ್ ಮತ್ತು ಮೇ. ಆಗ ಹೊರಗಿನ ಬೆಚ್ಚನೆಯ ತೇವದ ಗಾಳಿ ನೆಲದಡಿಯ ತಣ್ಣನೆಯ ಗೋಡೆಗೆ ತಾಗಿ, ಒಂದು ಹನಿ ಮಳೆ ಬೀಳದಿದ್ದರೂ ಗೋಡೆ ಬೆವರುತ್ತದೆ. ಲೇಪನ ಕೆಟ್ಟಿತೆಂದು ಗೋಡೆ ಒಡೆಸಲು ಹೊರಡುವ ಮೊದಲು, ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಗೋಡೆಗೆ ಅಂಟಿಸಿ ಒಂದೆರಡು ದಿನ ಬಿಡಿ. ಹಾಳೆಯ ಹೊರಮೈ ಒದ್ದೆಯಾದರೆ ಅದು ಗಾಳಿಯ ತೇವ, ಹಾಳೆಯ ಹಿಂದೆ ಒದ್ದೆಯಾದರೆ ಗೋಡೆಯ ಒಸರು. ಗಾಳಿಯ ತೇವಕ್ಕೆ ಡಿಹ್ಯೂಮಿಡಿಫೈಯರ್ ಸಾಕು, ಒಸರಿಗೆ ಅದರಿಂದ ಏನೂ ಆಗದು.

ಗಾಳಿ ಬೇಕಾಗಿರುವುದು ತೇವಕ್ಕಾಗಿ ಮಾತ್ರವಲ್ಲ. ಹೊರಗಿನ ಗಾಳಿಯಲ್ಲಿ 10 ಲಕ್ಷಕ್ಕೆ ಸುಮಾರು 420 ಭಾಗ ಇಂಗಾಲದ ಡೈ ಆಕ್ಸೈಡ್ ಇರುತ್ತದೆ. ತುಂಬ ಗಿಡಗಳಿರುವ ಮುಚ್ಚಿದ ಕೋಣೆಯಲ್ಲಿ ದೀಪ ಹೊತ್ತಿದ ಕೆಲವೇ ಗಂಟೆಗಳಲ್ಲಿ ಗಿಡಗಳೇ ಅದನ್ನು ಬಹುಪಾಲು ಹೀರಿಬಿಡುತ್ತವೆ, ಆಮೇಲೆ ಎಷ್ಟು ಬೆಳಕು ಕೊಟ್ಟರೂ ಬೆಳವಣಿಗೆ ನಿಲ್ಲುತ್ತದೆ. ಗಾಳಿ ಬರುವ ಕೊಳವೆ ನೆಲದ ಹತ್ತಿರ ಒಂದು ಮೂಲೆಯಲ್ಲಿ, ಹೋಗುವ ಕೊಳವೆ ತಾರಸಿಯ ಹತ್ತಿರ ಎದುರು ಮೂಲೆಯಲ್ಲಿ ಇರಲಿ, ಎರಡಕ್ಕೂ ಹೊರತುದಿಯಲ್ಲಿ ಇಲಿ ಮತ್ತು ಹಾವು ನುಗ್ಗದಂಥ ಜಾಲರಿ ಇರಲಿ. ಜನರೇಟರನ್ನು ಮಾತ್ರ ಕೋಣೆಯೊಳಗೆ ಅಥವಾ ಗಾಳಿ ಎಳೆಯುವ ಕೊಳವೆಯ ಹತ್ತಿರ ಎಂದೂ ಇಡಬೇಡಿ. ಬಾವಿಗೆ ಇಳಿಯುವ ಮೊದಲು ದೀಪ ಇಳಿಸಿ ನೋಡುವ ರೂಢಿ ನಮ್ಮಲ್ಲಿದೆ, ಆದರೆ ಕಾರ್ಬನ್ ಮೊನಾಕ್ಸೈಡ್ ತುಂಬಿದ ಕೋಣೆಯಲ್ಲಿ ದೀಪ ಆರುವುದಿಲ್ಲ, ವಾಸನೆಯೂ ಬರುವುದಿಲ್ಲ, ಮನುಷ್ಯ ಬೀಳುತ್ತಾನೆ.

ವಿದ್ಯುತ್ತಿನ ಬಗ್ಗೆ ಚಿಕ್ಕದಾಗಿ ಹೇಳುವುದಾದರೆ, 1000 ವಾಟ್ ದೀಪ ದಿನಕ್ಕೆ 16 ಗಂಟೆ ಉರಿದರೆ ತಿಂಗಳಿಗೆ 480 ಯೂನಿಟ್. ಅಷ್ಟೂ ಕೊನೆಗೆ ಶಾಖವಾಗಿ ಕೋಣೆಯಲ್ಲೇ ಉಳಿಯುವುದರಿಂದ, ನೆಲದಡಿ ತಂಪಿರುತ್ತದೆ ಎಂಬ ಲಾಭದಲ್ಲಿ ಅರ್ಧ ಅಲ್ಲಿಗೇ ಹೋಗುತ್ತದೆ. ತೇವದ ಜಾಗವಾದ್ದರಿಂದ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದೊಡನೆ ಲೈನ್ ಕಡಿಯುವ ಸ್ವಿಚ್) ಮತ್ತು ಸರಿಯಾದ ಅರ್ಥಿಂಗ್ ಇಲ್ಲದೆ ಸ್ವಿಚ್ ಹಾಕಬಾರದು.

ಉತ್ತರ, ಗೋಣಿಕೊಪ್ಪದಿಂದ:

ಕೇಸರಿಗಾಗಿ ನೆಲ ಅಗೆಯಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಕೇಸರಿ ಗೆಡ್ಡೆಯೊಳಗೆ ಹೂವಿನ ಮೊಗ್ಗು ರೂಪುಗೊಳ್ಳಲು ಬೇಸಿಗೆಯಲ್ಲಿ 23ರಿಂದ 27 ಡಿಗ್ರಿ ಬೇಕು, ಆಮೇಲೆ ಹೂ ಹೊರಬರಲು ಸುಮಾರು 17 ಡಿಗ್ರಿಗೆ ಇಳಿಸಬೇಕು. ನಿಮ್ಮ ನೆಲದಡಿಯ ಕೋಣೆ ವರ್ಷವಿಡೀ 20 ಡಿಗ್ರಿಯ ಆಚೀಚೆ ಇರುವುದರಿಂದ ಎರಡಕ್ಕೂ ಸಲ್ಲುವುದಿಲ್ಲ, ಹೇಗಿದ್ದರೂ ಯಂತ್ರ ಬೇಕು. ಶಾಖ ನಿರೋಧಕ ಪ್ಯಾನೆಲ್ ಹಾಕಿದ ಮನೆಯ ಕೋಣೆಯೇ ಇದಕ್ಕೆ ಹೆಚ್ಚು ಅನುಕೂಲ. 8 ಗ್ರಾಂಗಿಂತ ಸಣ್ಣ ಗೆಡ್ಡೆಗಳು ಹೂ ಬಿಡುವುದು ಅಪರೂಪ, ಮತ್ತು ಒಂದು ಗ್ರಾಂ ಒಣ ಕೇಸರಿಗೆ 150ರಷ್ಟು ಹೂ ಬೇಕು ಎಂಬುದನ್ನು ಮಾರುವವರ ಮಾತು ಕೇಳುವ ಮೊದಲು ಲೆಕ್ಕ ಹಾಕಿಕೊಳ್ಳಿ. ಕರಿಮೆಣಸಿನ ಬಳ್ಳಿಯನ್ನಂತೂ ತೇವ ನಿಂತ ಕೋಣೆಗೆ ತರಲೇಬೇಡಿ. ಸೊರಗು ರೋಗ ತರುವ ಫೈಟಾಫ್ತೊರಾ ಎಂಬ ರೋಗಾಣು ಕಾಯುವುದೇ ಅಂಥ ಜಾಗಕ್ಕೆ. ಸಸಿ ಮಾಡುವ ಕ್ರಮವನ್ನು ಅಪ್ಪಂಗಳದ ಸಾಂಬಾರ ಬೆಳೆಗಳ ಸಂಶೋಧನಾ ಕೇಂದ್ರದಲ್ಲಿ ಕೇಳಿ ತಿಳಿಯುವುದು ಒಳ್ಳೆಯದು.

ಉತ್ತರ, ವಿರಾಜಪೇಟೆಯಿಂದ:

ಕೋಣೆ ನೋಟಕ್ಕೆ ಮರೆಯಾಗಿರಲಿ, ದಾಖಲೆಗೆ ಮರೆಯಾಗಬಾರದು. ಪಂಚಾಯಿತಿಯ ಪರವಾನಗಿಗೆ ಕೊಡುವ ನಕ್ಷೆಯಲ್ಲಿ ಅದನ್ನು ತೋರಿಸಿ, ಜಾಗ ಕೃಷಿ ಭೂಮಿಯೋ ಪರಿವರ್ತನೆಯಾದದ್ದೋ ಎಂಬುದನ್ನು ಆರ್‌ಟಿಸಿಯಲ್ಲಿ ನೋಡಿಕೊಂಡು, ವಿದ್ಯುತ್ತಿನ ಲೋಡನ್ನು ಮಂಜೂರು ಮಾಡಿಸಿಕೊಳ್ಳಿ. ನೆಲದಡಿಯ ಗುಟ್ಟಿನ ಕೋಣೆ, ಹಗಲು ರಾತ್ರಿ ಉರಿಯುವ ದೀಪ, ಏರುವ ಕರೆಂಟ್ ಬಿಲ್ಲು ಇವು ಮೂರೂ ಸೇರಿದರೆ ಪೊಲೀಸರು ಮೊದಲು ಯೋಚಿಸುವುದು ಗಾಂಜಾ ಬೆಳೆಯನ್ನೇ. 1985ರ ಮಾದಕ ವಸ್ತು ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಅದನ್ನು ಬೆಳೆಯುವುದಕ್ಕೆ 10 ವರ್ಷಗಳವರೆಗೆ ಕಠಿಣ ಶಿಕ್ಷೆ ಆಗಬಹುದು, ಮನೆಯೊಳಗೆ ಬೆಳೆದರೂ ಅಷ್ಟೇ. ನೀವು ಬೆಳೆಯುವುದು ಸೊಪ್ಪಾದ್ದರಿಂದ ಅಕ್ಕಪಕ್ಕದವರನ್ನು ಕರೆದು ತೋರಿಸಿಬಿಡಿ, ವದಂತಿಗೆ ಜಾಗವಿರುವುದಿಲ್ಲ. ಜೊತೆಗೆ, ಒಳಗೆ ಹೋದವರು ಬಿದ್ದರೆ ಹುಡುಕುವವರಿಗೆ ಕೋಣೆ ಎಲ್ಲಿದೆಯೆಂದು ಗೊತ್ತಿರಬೇಕಲ್ಲ. ಬಾಗಿಲು ಹೊರಕ್ಕೆ ತೆರೆಯುವಂತಿರಲಿ, ಒಳಗಿನಿಂದ ಬೀಗವಿಲ್ಲದೆ ತೆಗೆಯಲು ಬರಲಿ, ಎರಡನೆಯ ದಾರಿಯೊಂದಿರಲಿ.

ಪ್ರಶ್ನೆ ಕೇಳಿದವರಿಂದ:

ಎಲ್ಲರಿಗೂ ಧನ್ಯವಾದಗಳು. ಬರೆ ಕಡಿಯುವುದನ್ನು ಕೈಬಿಟ್ಟಿದ್ದೇನೆ. ಮನೆಯ ಮುಂಭಾಗದಲ್ಲಿ ಕಣದ ಕೆಳಗೆ, ಕಣಿವೆಯ ಕಡೆಗೆ ನೆಲ ಇಳಿಯುವಲ್ಲಿ ಕಟ್ಟಬಹುದೇ?

ಉತ್ತರ, ಮಡಿಕೇರಿಯಿಂದ:

ಅದು ಎಷ್ಟೋ ಮೇಲು. ಅಲ್ಲಿ ಒಂದು ಗೋಡೆ ಪೂರ್ತಿ ತೆರೆದ ಕಡೆಗೆ ಇರುವುದರಿಂದ ನೀರು, ಗಾಳಿ, ಬಾಗಿಲು ಮೂರಕ್ಕೂ ದಾರಿ ಸಿಗುತ್ತದೆ, ಮತ್ತು ಮುಂದೆ ಒಂದು ಬಿದಿರಿನ ತಟ್ಟಿ ಕಟ್ಟಿ ಬಳ್ಳಿ ಹಬ್ಬಿಸಿದರೆ ಅತಿಥಿಗಳಿಗೆ ಕೋಣೆ ಇರುವುದೂ ತಿಳಿಯುವುದಿಲ್ಲ. ಆದರೆ ಮಣ್ಣು ತುಂಬಿ ಮಟ್ಟ ಮಾಡಿದ ಕಣವಾಗಿದ್ದರೆ ಅಡಿಪಾಯವನ್ನು ಆ ತುಂಬಿದ ಮಣ್ಣಿನಲ್ಲಿ ನಿಲ್ಲಿಸದೆ, ಅದರ ಕೆಳಗಿನ ಮೂಲ ನೆಲಕ್ಕೆ ಇಳಿಸಬೇಕು. ಮನೆಯ ಅಡಿಪಾಯದಿಂದ ಎಷ್ಟು ದೂರ ಬಿಡಬೇಕೆಂಬುದನ್ನು ಎಂಜಿನಿಯರ್ ಸ್ಥಳ ನೋಡಿಯೇ ಹೇಳಬೇಕು.

ಈ ವರ್ಷ ಏನೂ ಕಟ್ಟಬೇಡಿ. ಮೇ ತಿಂಗಳೊಳಗೆ ಆ ಜಾಗದಲ್ಲಿ ಕೈಬೈರಿಗೆಯಿಂದ 12 ಅಡಿ ಆಳದ ಸಣ್ಣ ತೂತು ಕೊರೆಸಿ, ಬದಿಗಳಲ್ಲಿ ತೂತು ಕೊರೆದ ಪಿವಿಸಿ ಪೈಪನ್ನು ಅದರೊಳಗೆ ಇಳಿಸಿ, ಸುತ್ತ ಮರಳು ತುಂಬಿ, ಮೇಲ್ಗಡೆ ಜೇಡಿಮಣ್ಣಿನಿಂದ ಬಿಗಿದು, ಮಳೆ ನೀರು ನೇರವಾಗಿ ಬೀಳದಂತೆ ಮುಚ್ಚಳ ಹಾಕಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ, ಭಾರೀ ಮಳೆಯಾದ ಮರುದಿನ ತಪ್ಪದೆ, ತುದಿಗೆ ಬೋಲ್ಟ್ ಕಟ್ಟಿದ ದಾರವನ್ನು ಇಳಿಸಿ ಎಷ್ಟು ಅಡಿಗೆ ಒದ್ದೆಯಾಗಿದೆ ಎಂದು ತಾರೀಖಿನ ಜೊತೆ ಬರೆದಿಡಿ. ಆ ಪಟ್ಟಿಯನ್ನು ಡಿಸೆಂಬರ್‌ನಲ್ಲಿ ಎಂಜಿನಿಯರ್ ಕೈಗೆ ಕೊಡಿ. ನೀರು ಕೋಣೆಯ ನೆಲದ ಮಟ್ಟಕ್ಕಿಂತ ಕೆಳಗೇ ಉಳಿದಿದ್ದರೆ ನಕ್ಷೆ ಬರೆಸಿ, ಅದಕ್ಕಿಂತ ಮೇಲೆ ಬಂದಿದ್ದರೆ ಕೋಣೆಯನ್ನು ನೆಲದ ಮೇಲೆಯೇ ಕಟ್ಟಿಸಿ.