ನಾಯಿಮರಿಗೆ ತಾಯಿ ಹಾಲಿನಾಗ ಜಂತು ಹೋಗ್ತಾವಂತ, ಹಂಗಾರ ನನ್ನ ಕೂಸಿಗೂ?

ಬಾಗಲಕೋಟಿ ಚಿಂಚವಾಡ:
ಎಲ್ಲಾರಿಗೂ ನಮಸ್ಕಾರ್ರಿ. ನಾವು ಪುಣೆ ಚಿಂಚವಾಡದಾಗ ಇರ್ತೀವಿ, ಊರು ಬಾಗಲಕೋಟಿ ಕಡೆ. ಐದು ವರ್ಷದ ಮಗ ಅದಾನ, ನಾಕು ತಿಂಗಳ ಹೆಣ್ಣ ಕೂಸೈತಿ, ಕೂಸಿಗೆ ಬರೇ ನನ್ನ ಹಾಲ, ಮ್ಯಾಲಿನ ಹಾಲು ಇನ್ನೂ ಚಾಲೂ ಮಾಡಿಲ್ಲ. ಹದಿನೈದು ದಿನ ಆತು ಮಗ ರಾತ್ರಿ ಆತಂದ್ರ ಹಿಂದ ತುರಿಸ್ಕೋತ ಹೊಳ್ಳಾಡ್ತಿದ್ದ, ಮೊನ್ನೆ ಮೊಬೈಲ್ ಟಾರ್ಚ್ ಹಿಡದು ನೋಡಿದ್ರ ಬಿಳಿ ದಾರದ ತುಂಡಿನಂಥಾ ಸಣ್ಣ ಹುಳ, ಮಿಸುಕಾಡಾಕತ್ತಿದ್ವು. ನನಗೂ ಅದ ತ್ರಾಸ ಚಾಲೂ ಆಗೈತಿ, ಯಾರ ಮುಂದ ಹೇಳಾಕ ನಾಚಿಕಿ, ಅದಕ್ಕ ಇಲ್ಲಿ ಬರ್ಯಾಕತ್ತೀನಿ. ಡಾಕ್ಟ್ರು ಪಿನ್‌ವರ್ಮ್ ಅಂದ್ರು, ಕೂಸು ಬಿಟ್ಟು ಮನಿಮಂದಿಗೆಲ್ಲಾ ಅಲ್ಬೆಂಡಜೋಲ್ 400 ಬರ್ದು ಕೊಟ್ಟಾರ, ಈಗೊಂದು, ಎರಡು ವಾರ ಬಿಟ್ಟು ಇನ್ನೊಂದು. ಗದ್ದಲದಾಗ ನಾನು ಹಾಲ ಕುಡಸ್ತೀನಿ ಅನ್ನೂದ ಹೇಳಾಕ ಮರ್ತ್ನಿ.

ಈಗ ಮನ್ಯಾಗ ಮಹಾಭಾರತ. ನಮ್ಮ ಸೊಸೈಟಿ ಪಾರ್ಕಿಂಗ್‌ನ್ಯಾಗ ಒಂದು ನಾಯಿ ಆರು ಮರಿ ಹಾಕಿತ್ತು, ಎರಡು ಸತ್ತು ಹೋದ್ವು, ಉಳಿದಾವಕ್ಕ ಹೊಟ್ಟಿ ಡೊಳ್ಳಿನಂಗ ಆಗೈತಿ. ನೋಡಾಕ ಬಂದಿದ್ದ ಪ್ರಾಣಿ ಡಾಕ್ಟ್ರು ತಾಯಿ ಹಾಲಿನಾಗ ಜಂತು ಇಳದಾವು ಅಂತ ಅಂದ್ರಂತ, ಅದನ್ನ ನಮ್ಮ ಅತ್ತಿಯವರು ಕೇಳಿಸ್ಕೊಂಡು ಬಂದ್ರು. ಅಷ್ಟ ಸಾಕಾತು. ಹುಳ ಇದ್ದಾಕಿ ಹಾಲ ಕೂಸಿಗೆ ಹಾಕಬ್ಯಾಡ, ಗುಳಿಗಿ ತಗೊಂಡು ಮೂರು ದಿನ ಹಿಂಡಿ ಚೆಲ್ಲು, ಅಲ್ಲೀತನಕ ಡಬ್ಬಿ ಹಾಲು ಅಂತ. ನಾಯಿ ಮಾತು ಬ್ಯಾರೆ, ಮನುಷ್ಯಾರ ಮಾತು ಬ್ಯಾರೆ ಅಂದ್ರ ಎಮ್ಮಿ ಕಥಿ ತಗೀತಾರ, ಅವರ ತವರ ಮನ್ಯಾಗ ಎಮ್ಮಿ ಈದು ಹತ್ತು ಹದಿನೈದು ದಿನಕ್ಕ ಕರಕ್ಕ ಗೊಟ್ಟದಾಗ ಜಂತಿನ ಔಷಧ ಕುಡಸ್ತಿದ್ರಂತ. ನಮ್ಮನಿಯವರು ಸಂಜಿಗೆ ಪೌಡರ್ ಡಬ್ಬಿ ತಂದ ಇಟ್ಟಾರ. ಗುಳಿಗಿ ಇನ್ನೂ ನುಂಗಿಲ್ಲ. ಖರೇನ ಹುಳ ಹಾಲಿನಾಗ ಬರ್ತಾವ? ಗುಳಿಗಿ ತಗೊಂಡು ಹಾಲ ಕುಡಸಬಹುದಾ? ಗೊತ್ತಿದ್ದಾವ್ರು ಹೇಳ್ರಿ ದಯಮಾಡಿ.

ಕಾರವಾರ ಫೋಂಡಾ:
ನಾನು ಗೋವಾ ಫೋಂಡಾದಲ್ಲಿ ಪ್ರಾಣಿಗಳ ಕ್ಲಿನಿಕ್ಕಲ್ಲಿ ಅಸಿಸ್ಟಂಟ್. ಮನುಷ್ಯರದ್ದು ಗೊತ್ತಿದ್ದವರು ಹೇಳ್ಲಿ, ಆದ್ರೆ ನಾಯಿ ಎಮ್ಮೆ ವಿಷಯದಲ್ಲಿ ನಿಮ್ಮ ಅತ್ತೆ ಹೇಳಿದ್ದು ನೂರಕ್ಕೆ ನೂರು ಸರಿ, ಅವರನ್ನ ಬೈಬೇಡಿ. ಎಮ್ಮೆ ಕರುವಿಗೆ ಬರೋ ದುಂಡು ಹುಳ, ಟಾಕ್ಸೊಕ್ಯಾರಾ ವಿಟುಲೋರಮ್ ಅಂತ ಅದರ ಹೆಸರು, ಅದು ಬರೋದೇ ತಾಯಿ ಹಾಲಿಂದ, ಅದಕ್ಕೇ ಹುಟ್ಟಿ ಎರಡು ವಾರದೊಳಗೆ ಔಷಧ ಹಾಕೋದು. ನಾಯಿದು ಇನ್ನೂ ವಿಚಿತ್ರ. ತಾಯಿ ನಾಯಿ ಯಾವಾಗಲೋ ನುಂಗಿದ ಮರಿಹುಳಗಳು ಅದರ ಮಾಂಸಖಂಡದಲ್ಲಿ ನಿದ್ದೆ ಮಾಡ್ತಾ ಕೂತಿರ್ತವೆ, ಗಬ್ಬ ಆದಾಗ ಎಚ್ಚರ ಆಗಿ ಹೊರಡ್ತವೆ. ಟಾಕ್ಸೊಕ್ಯಾರಾ ಕ್ಯಾನಿಸ್ ಅನ್ನೋದು ಹೆಚ್ಚಾಗಿ ಹೊಟ್ಟೆಯೊಳಗೇ ಮರಿಗೆ ದಾಟ್ತದೆ, ಸ್ವಲ್ಪ ಹಾಲಲ್ಲಿ. ಕೊಕ್ಕೆಹುಳ ಹಾಲಲ್ಲೇ ಬರ್ತದೆ, ಕರುಳಿಗೆ ಕಚ್ಚಿ ರಕ್ತ ಹೀರ್ತದೆ, ಎರಡು ಮೂರು ವಾರದ ಮರಿಗಳು ವಸಡು ಕಾಗದದ ಹಾಗೆ ಬಿಳಿಚಿ ಸಾಯೋದು ಅದರಿಂದ. ತಾಯಿಗೆ ಮಾತ್ರೆ ಹಾಕಿದ್ರೂ ಮಾಂಸದಲ್ಲಿ ಮಲಗಿದ ಹುಳಕ್ಕೆ ಅದು ಸರಿಯಾಗಿ ತಟ್ಟೋದಿಲ್ಲ. ಹಾಗಾಗಿ ಮರಿಗೇ ಎರಡನೇ ವಾರದಿಂದ ಶುರು ಮಾಡಿ ಹದಿನೈದು ದಿನಕ್ಕೊಮ್ಮೆ ಎಂಟು ವಾರದ ತನಕ ಕೊಡಬೇಕು, ಉಳಿದ ನಾಲ್ಕಕ್ಕೆ ಯಾರಾದರೂ ಕೊಡಿಸ್ತಿದ್ದಾರಾ ನೋಡಿ.

ಇನ್ನೊಂದು, ನಿಮ್ಮ ಮಗನ ಹುಳ ನಾಯಿಯಿಂದ ಬಂದದ್ದಲ್ಲ. ಪಿನ್‌ವರ್ಮ್ ಮನುಷ್ಯರದ್ದೇ ಹುಳ, ಶಾಲೆಯಿಂದ ಬಂದಿರ್ತದೆ, ನಾಯಿ ಮೇಲೆ ಹಾಕಬೇಡಿ ಪಾಪ. ಹಾಗಂತ ಮರಿಗಳು ಹೇತಿರೋ ಮಣ್ಣಲ್ಲಿ ಹುಡುಗನ್ನ ಬರಿಗಾಲಲ್ಲಿ ಆಡೋಕೂ ಬಿಡಬೇಡಿ. ಇಲ್ಲಿ ಬೀಚಲ್ಲಿ ಕೂತು ಹೋದ ಟೂರಿಸ್ಟಿಗೆ ಕಾಲಲ್ಲಿ ಕೆಂಪಗೆ ಹಾವಿನ ಹಾಗೆ ಗೆರೆ ಹರಿದು ವಿಪರೀತ ತುರಿಕೆ ಬರೋದುಂಟು, ಅದು ನಾಯಿ ಕೊಕ್ಕೆಹುಳದ ಮರಿ ಚರ್ಮದಲ್ಲಿ ದಾರಿ ತಪ್ಪಿ ತಿರುಗಾಡೋದು.

ಉಡುಪಿ ಡೊಂಬಿವಲಿ:
ನಾನು ಮಕ್ಕಳ ವಾರ್ಡಲ್ಲಿ ಸಿಸ್ಟರ್, ಹದಿನೆಂಟು ವರ್ಷ ಆಯ್ತು. ಮೊದಲು ಒಂದು ಮಾತು, ಹಾಲು ಚೆಲ್ಲಬೇಡಿ ಮಾರಾಯ್ರೆ.

ಪಿನ್‌ವರ್ಮ್ ಕರುಳಿನಲ್ಲೇ ಬದುಕುದು. ರಾತ್ರಿ ಹೆಣ್ಣು ಹುಳ ಹೊರಗೆ ಬಂದು ಗುದದ ಸುತ್ತ ಮೊಟ್ಟೆ ಇಡ್ತದೆ, ತುರಿಕೆ ಅದಕ್ಕೇ. ಮೇಲಿನವರು ಹೇಳಿದ ನಾಯಿ ಹುಳದ ಹಾಗೆ ರಕ್ತಕ್ಕೆ ಇಳಿದು ಮಾಂಸದಲ್ಲಿ ಅಡಗಿ ಕೂರುವ ಕ್ರಮ ಅದಕ್ಕಿಲ್ಲ, ಹಾಗಾಗಿ ಎದೆಹಾಲಿಗೆ ಹೋಗ್ಲಿಕ್ಕೆ ದಾರಿಯೇ ಇಲ್ಲ. ಆದ್ರೆ ಮಗುವಿಗೆ ಬರುದೇ ಇಲ್ವಾ ಅಂದ್ರೆ ಬರಬಹುದು, ದಾರಿ ಬೇರೆ. ನಿದ್ದೆಗಣ್ಣಲ್ಲಿ ನೀವು ತುರಿಸಿಕೊಳ್ತೀರಿ, ಎರಡು ಗಂಟೆಗೆ ಮಗು ಅಳ್ತದೆ, ಲೈಟು ಸಹ ಹಾಕದೆ ಅದೇ ಕೈಯಲ್ಲಿ ಎದೆ ಹಿಡಿದು ಬಾಯಿಗೆ ಕೊಡ್ತೀರಿ. ಉಗುರು ಸಂದಿಯ ಮೊಟ್ಟೆ ಹೋಗುದು ಅಲ್ಲಿಂದ. ಇಟ್ಟ ಮೊಟ್ಟೆ ನಾಲ್ಕಾರು ಗಂಟೆಯಲ್ಲಿ ರೆಡಿ, ಹಾಸಿಗೆ ಬಟ್ಟೆಯಲ್ಲಿ ಎರಡು ಮೂರು ವಾರ ಸಹ ಜೀವ ಹಿಡ್ಕೊಂಡಿರ್ತದೆ. ಹಾಗಾಗಿ ಎಲ್ಲರ ಉಗುರು ಗಿಡ್ಡ ತೆಗೀರಿ, ರಾತ್ರಿ ಹಾಲು ಕೊಡುವ ಮೊದಲು ಸೋಪಲ್ಲಿ ಕೈ ತೊಳೀರಿ, ನಿದ್ದೆ ಹಾಳಾದ್ರೂ ಪರವಾಗಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಸ್ನಾನ, ಒಳಚಡ್ಡಿ ದಿನಾ ಬದಲಿ, ಚಾದರ ಬಿಸಿನೀರಲ್ಲಿ. ಚಾದರ ಬಾಲ್ಕನಿಯಲ್ಲಿ ಕೊಡವಬೇಡಿ, ಮೊಟ್ಟೆ ಗಾಳಿಗೆ ಹಾರ್ತದೆ. ಇಷ್ಟು ಮಾಡದೆ ಬರೀ ಮಾತ್ರೆ ನುಂಗಿದ್ರೆ ತಿಂಗಳಲ್ಲಿ ವಾಪಸ್ ಬರ್ತದೆ, ನಾನು ನೋಡ್ತಾ ಇರುದೇ ಅದು.

ಮಾತ್ರೆ ಬಗ್ಗೆ, ಅಲ್ಬೆಂಡಜೋಲ್ ಹೊಟ್ಟೆಯಿಂದ ರಕ್ತಕ್ಕೆ ಹೋಗುದೇ ಕಮ್ಮಿ, ಅದ್ರಲ್ಲಿ ಹಾಲಿಗೆ ಬರುದು ಇನ್ನೂ ಕಮ್ಮಿ. ಹಾಲು ಕೊಡುವ ತಾಯಂದಿರಿಗೆ ಕೊಡಬಹುದು ಅಂತಲೇ ವಿಶ್ವ ಆರೋಗ್ಯ ಸಂಸ್ಥೆ ಹೇಳುದು. ಎರಡನೇ ಡೋಸ್ ಯಾಕೆ ಅಂದ್ರೆ ಮಾತ್ರೆ ಹುಳ ಕೊಲ್ತದೆ, ಮೊಟ್ಟೆ ಎಲ್ಲ ಸಾಯುದಿಲ್ಲ. ಆದ್ರೂ ಡಾಕ್ಟರಿಗೊಂದು ಫೋನ್ ಹಾಕಿ ಹಾಲು ಕೊಡ್ತಾ ಇದ್ದೇನೆ ಅಂತ ಹೇಳಿ, ಅವರ ಕಾಗದದಲ್ಲಿ ಬರೆದಿರಲಿ. ಕೂಸಿಗೆ ಮಾತ್ರೆ ಕೊಡ್ಲಿಕ್ಕಿಲ್ಲ ಈಗ, ಫೆಬ್ರವರಿ 10, ಆಗಸ್ಟ್ 10ಕ್ಕೆ ಅಂಗನವಾಡಿಯಲ್ಲಿ ಕೊಡ್ತಾರಲ್ಲ, ಅದು ಸಹ ಒಂದು ವರ್ಷ ಆದ ಮೇಲೆ, ಎರಡು ವರ್ಷದ ತನಕ ಅರ್ಧ ಮಾತ್ರೆ.

ಮೈಸೂರು ಹಡಪ್ಸರ್:
ಮೂರು ದಿನ ನಿಲ್ಲಿಸೋ ಕೆಲಸ ಮಾತ್ರ ಮಾಡ್ಬೇಡಿ ಕಣ್ರೀ, ನಾನು ಮಾಡಿ ಅನುಭವಿಸಿದ್ದೀನಿ. ನಂದು ಹುಳದ ಮಾತ್ರೆ ಅಲ್ಲ, ಹಲ್ಲುನೋವಿಗೆ ಆಂಟಿಬಯೋಟಿಕ್, ಪಕ್ಕದ ಮನೆಯವ್ರು ಹೇಳಿದ್ರು ಅಂತ ನಿಲ್ಸಿದೆ. ಎರಡನೇ ದಿನಕ್ಕೆ ಎದೆ ಕಲ್ಲಾಗೋಯ್ತು, ಕುಪ್ಪಸ ತಾಗಿದ್ರೂ ಪ್ರಾಣ ಹೋಗೋದು, ರಾತ್ರಿ 102 ಜ್ವರ. ಇತ್ತ ಮಗು ಬಾಟಲಿ ರುಚಿ ಹಿಡ್ಕೊಂಡು ಎದೆ ಕಚ್ಚಲ್ಲ ಅಂತ ಮುಖ ತಿರುಗಿಸೋದು. ಸರಿ ಹೋಗೋಕೆ ಹತ್ತು ದಿನ ಬೇಕಾಯ್ತು. ಆಮೇಲೆ ಡಾಕ್ಟ್ರು ಅಂದ್ರು ಆ ಮಾತ್ರೆಗೆ ನಿಲ್ಲಿಸೋ ಅಗತ್ಯಾನೇ ಇರ್ಲಿಲ್ಲ ಅಂತ.

ಶಿರಸಿ ಅಂಧೇರಿ:
ಸಿಸ್ಟರ್, ತಪ್ಪು ತಿಳ್ಕೊಳ್ಬೇಡಿ, ನಾನು ಗೂಗಲ್ ಮಾಡ್ದಾಗ ಪಪುವಾ ನ್ಯೂಗಿನಿಯಲ್ಲಿ ಎದೆಹಾಲಿಂದ ಮಕ್ಕಳಿಗೆ ಹುಳ ಬಂದು ಹೊಟ್ಟೆ ಊದಿ ಸತ್ತವು ಅಂತೆಲ್ಲ ಇದೆಯಲ್ಲ? ಹಾಗಾದ್ರೆ ಮನುಷ್ಯರಲ್ಲಿ ಇಲ್ಲವೇ ಇಲ್ಲ ಅಂತ ಹೇಗೆ ಹೇಳೋದು?

ಉಡುಪಿ ಡೊಂಬಿವಲಿ:
ಇಲ್ಲವೇ ಇಲ್ಲ ಅಂತ ನಾನು ಹೇಳ್ಲಿಲ್ಲ, ಪಿನ್‌ವರ್ಮ್‌ಗೆ ಇಲ್ಲ ಅಂದದ್ದು. ನೀವು ಓದಿದ್ದು ಸ್ಟ್ರಾಂಗಿಲಾಯ್ಡಿಸ್ ಅನ್ನುವ ಬೇರೆ ಹುಳ, ಅದ್ರಲ್ಲೂ ಫ್ಯುಲೆಬೋರ್ನಿ ಅನ್ನುವ ಜಾತಿ. ಪಪುವಾ ನ್ಯೂಗಿನಿಯಲ್ಲಿ ಕೆಲವೇ ವಾರದ ಕೂಸುಗಳಿಗೆ ಅದು ವಿಪರೀತ ಆಗಿ ಹೊಟ್ಟೆ ಊದಿ ಸತ್ತದ್ದು ಹೌದು, ಅಷ್ಟು ಎಳೆ ಕೂಸಿಗೆ ಬಂದದ್ದರಿಂದ ಹಾಲಿನ ಮೇಲೆ ಸಂಶಯ. ಆಫ್ರಿಕಾದ ಝೈರ್‌ನಲ್ಲಿ (ಈಗಿನ ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯ) ಒಬ್ಬ ತಾಯಿಯ ಹಾಲಲ್ಲಿ ಈ ಜಾತಿಯ ಮರಿಹುಳ ಸಿಕ್ಕಿದ್ದು 1977ರಲ್ಲಿ ಪ್ರಕಟ ಆಯ್ತು. ಮನುಷ್ಯರ ಕೊಕ್ಕೆಹುಳದಲ್ಲಿ ಸಹ ಒಂದು ಜಾತಿ ದೇಹದೊಳಗೆ ತಿಂಗಳುಗಟ್ಟಲೆ ಮಲಗಿರ್ತದೆ ಅಂತ 1973ರಲ್ಲಿ ಪಶ್ಚಿಮ ಬಂಗಾಳದಲ್ಲಿ ಗೊತ್ತಾದದ್ದು, ಮಣ್ಣು ಮುಟ್ಟದ ಎಳೆ ಕೂಸುಗಳಲ್ಲಿ ಅದು ಕಂಡಾಗ ಹಾಲಿನಿಂದ ಇರಬಹುದಾ ಅಂತ ಕೇಳುದು ಅದಕ್ಕೇ. ಸಂಶಯವೇ ಹೊರತು ಪಿನ್‌ವರ್ಮ್ ಇದ್ದವರು ಹಾಲು ನಿಲ್ಲಿಸ್ಲಿಕ್ಕೆ ಅದು ಕಾರಣ ಅಲ್ಲ.

ನಮ್ಮಲ್ಲಿ ಮಳೆಗಾಲದಲ್ಲಿ ಹೆಚ್ಚು ಕೇಳುದು ಮಲೇರಿಯಾದ್ದು. ಮಲೇರಿಯಾ ಹಾಲಲ್ಲಿ ಬರುದಿಲ್ಲ. ಆದ್ರೆ ವೈವಾಕ್ಸ್ ಅನ್ನುವ ಜಾತಿಯ ಮಲೇರಿಯಾಕ್ಕೆ ಹದಿನಾಲ್ಕು ದಿನ ಕೊಡುವ ಪ್ರೈಮಾಕ್ವಿನ್ ತಾಯಿ ತಗೊಳ್ಳುವ ಮೊದಲು ತಾಯಿದು ಮಗುವಿದ್ದು ಇಬ್ಬರದ್ದೂ ಜಿ6ಪಿಡಿ ಟೆಸ್ಟ್ ಆಗ್ಬೇಕು (ಆ ಕಿಣ್ವ ಕಮ್ಮಿ ಇದ್ದವರಿಗೆ ಈ ಮಾತ್ರೆಯಿಂದ ರಕ್ತಕಣ ಒಡೀತದೆ), ಅದು ಮಾತ್ರ ಕೇಳಿ ಮಾಡಿಸಿ. ದಕ್ಷಿಣ ಅಮೆರಿಕದ ಚಾಗಸ್ ಅನ್ನುವ ಪರಾವಲಂಬಿ ಕಾಯಿಲೆ ಇದ್ದ ತಾಯಿಗೂ ಹಾಲು ಕೊಡಿ ಅಂತಲೇ ಹೇಳುದು, ಮೊಲೆತೊಟ್ಟು ಒಡೆದು ರಕ್ತ ಬರ್ತಿದ್ರೆ ಮಾತ್ರ ವಾಸಿ ಆಗುವ ತನಕ ಬೇಡ.

ಆ ಪೌಡರ್ ಡಬ್ಬಿಯ ಬಗ್ಗೆ ಸಹ ಹೇಳ್ತೇನೆ. ಭೇದಿ ಮಾಡುವ ಜಿಯಾರ್ಡಿಯಾ ಅಂತ ಒಂದು ಪರಾವಲಂಬಿ ಉಂಟು, ಅದು ಬರುದು ಕೆಟ್ಟ ನೀರಲ್ಲಿ, ಸರಿ ಕುದಿಸದ ನೀರಲ್ಲಿ ಪೌಡರ್ ಕಲಸಿ ಬಾಟಲಿಯಲ್ಲಿ ಕೊಟ್ರೆ ನೀವೇ ದಾರಿ ಮಾಡಿ ಕೊಟ್ಟ ಹಾಗೆ. ಅದೇ ಜಿಯಾರ್ಡಿಯಾವನ್ನು ತಾಯಿ ಹಾಲಿಗೆ ಹಾಕಿದ್ರೆ ಸಾಯ್ತದೆ, ಹಾಲಿನಲ್ಲಿರುವ ಕೊಬ್ಬು ಕರಗಿಸುವ ಕಿಣ್ವದಿಂದ ಅಂತೆ, ಲ್ಯಾಬಲ್ಲಿ ನೋಡಿ 1983ರಲ್ಲಿ ಬರೆದಿದ್ದಾರೆ. ಹಸುವಿನ ಹಾಲಿಗೆ ಆ ಶಕ್ತಿ ಇರ್ಲಿಲ್ಲ. ನಿಮ್ಮ ಅತ್ತೆಗೆ ಇದನ್ನು ಓದಿ ಹೇಳಿ.

ಬಾಗಲಕೋಟಿ ಚಿಂಚವಾಡ:
ಎಲ್ಲಾರಿಗೂ ಭಾಳ ಥ್ಯಾಂಕ್ಸ್‌ರಿ. ಡಾಕ್ಟ್ರಿಗೆ ಫೋನ್ ಹಚ್ಚಿದ್ನಿ, ಹಾಲ ಬಿಡಸಬ್ಯಾಡ್ರಿ ತಗೋರಿ ಅಂದ್ರು, ರಾತ್ರಿ ಊಟ ಆದ ಮ್ಯಾಲೆ ಎಲ್ಲಾರೂ ಸಾಲಾಗಿ ಕುಂತು ನುಂಗಿದ್ವಿ. ಅತ್ತಿಯವರು ಮೊದ್ಲ ನನಗ್ಯಾಕ ಹುಳ ಅಂತ ಜಗಳ ತಗದ್ರು, ಆಮ್ಯಾಲೆ ಎಮ್ಮಿ ಮಾತು ಖರೆ ಅಂತ ಫೋಂಡಾದಾವ್ರು ಬರದದ್ದನ್ನ ಓದಿ ಹೇಳಿದ ಮ್ಯಾಲೆ ಖುಷಿ ಆಗಿ ಅವರೂ ತಗೊಂಡ್ರು. ಈಗ ನೇಲ್ ಕಟರ್ ಅವರ ಸೆರಗಿನ ಗಂಟಿನಾಗ ಐತಿ, ಮಗ ಸಾಲಿಯಿಂದ ಬಂದ ಕೂಡ್ಲೆ ಕೈ ಹಿಡದು ಹತ್ತೂ ಬೆರಳು ನೋಡ್ತಾರ. ರಾತ್ರಿ ಹಾಸಿಗಿ ಬಾಜೂ ಒಂದು ತಂಬಿಗಿ ನೀರು, ಸೋಪು, ಬುಟ್ಟಿ ಇಟ್ಕೊಂಡೀನಿ, ಬಾತ್‌ರೂಮ್ ತನಕ ಹೋಗೂದರಾಗ ಕೂಸು ಮನಿ ಎಬ್ಬಸ್ತಾಳ.

ಮರಿಗಳಿಗೆ ಸೊಸೈಟಿ ವಾಚ್‌ಮನ್ ಔಷಧ ಹಾಕಸ್ಯಾನ, ನಾಕೂ ಅದಾವು. ಪೌಡರ್ ಡಬ್ಬಿ ಸೀಲ್ ಒಡದಿರ್ಲಿಲ್ಲ, ಮೆಡಿಕಲ್‌ದಾವ ವಾಪಸ್ ತಗೊಂಡು ಬದ್ಲಿಗೆ ಸೋಪು ಕೊಟ್ಟ. ಮುಂದಿನ ಗುಳಿಗಿ ತಾರೀಕು ಕ್ಯಾಲೆಂಡರ್‌ನ್ಯಾಗ ಗೋಲ ಹಾಕಿ ಇಟ್ಟೀನಿ.